ಒಂದೇ ಮೊಳೆಯ ಬೋರ್ಡು

ನಮ್ಮ ಊರನ್ನು ಯಾವ ನಕಾಶೆಯಲ್ಲೂ ಹುಡುಕಬೇಡಿ, ಸಿಗುವುದಿಲ್ಲ. ಸಿಕ್ಕಿದರೂ ಬಂದು ಮನೆ ಮಾಡಬೇಡಿ. ಮಾಡಿದಿರೋ, ಹಾಲುಕ್ಕಿಸಿದಿರಾ ಎಂದು ಕೇಳುವ ಮೊದಲೇ ಎದುರುಮನೆಯವರು ಬಾಗಿಲಿಗೆ ಬಂದು 'ನಿಮ್ಮದು ಯಾವ ಸಿಸ್ಟಂ?' ಎಂದು ಕೇಳುತ್ತಾರೆ. ಗೋಡೆ, ಹೆಂಚು, ಬಾಗಿಲು ಎಲ್ಲ ಊರಲ್ಲೂ ಇವೆ. ನಮ್ಮಲ್ಲಿ ಮನೆ ನಡೆಯುವುದು ಆಪರೇಟಿಂಗ್ ಸಿಸ್ಟಂ ಮೇಲೆ. ಒಲೆ ಹತ್ತಬೇಕಾದರೂ ಅದೇ, ನಲ್ಲಿಯಲ್ಲಿ ನೀರು ಬರಬೇಕಾದರೂ ಅದೇ, ಚಿಲಕ ತೆಗೆಯಬೇಕಾದರೂ ಅದೇ. ಅದು ಹ್ಯಾಂಗ್ ಆದರೆ ಮನೆ ನಿಲ್ಲುತ್ತದೆ. ಮನೆ ನಿಂತರೆ ಒಳಗಿದ್ದವರೂ ಇದ್ದಲ್ಲೇ ನಿಲ್ಲುತ್ತಾರೆ. ತುತ್ತು ತಟ್ಟೆಗೂ ಬಾಯಿಗೂ ನಡುವೆ, ಬೈಗುಳ ನಾಲಗೆಯ ತುದಿಯಲ್ಲಿ.

ನೋವಿಲ್ಲ, ನಷ್ಟವೂ ಹೆಚ್ಚಿಲ್ಲ. ಬೀದಿ ಕಡೆಯ ಗೋಡೆಯಲ್ಲಿ ಪ್ರತಿ ಮನೆಗೂ ಒಂದು ಕಂಡಿ ಇದೆ. ಯಾರಾದರೂ ಅದರಲ್ಲಿ ಆ ಮನೆಯ ಕೀಲಿ ಹಾಕಿ ಒಂದು ಸುತ್ತು ತಿರುಗಿಸಿದರೆ ಮನೆ ಮತ್ತೆ ಶುರು. ಒಳಗಿದ್ದವರಿಗೆ ಆ ಬೆಳಗಿನಿಂದ ನಡೆದದ್ದಷ್ಟೇ ಮರೆತಿರುತ್ತದೆ. ಬೆಳಿಗ್ಗೆ ಹೆಂಡತಿಯ ಹತ್ತಿರ ಉಗಿಸಿಕೊಂಡ ಗಂಡಸರು ಮಧ್ಯಾಹ್ನ ಮನೆ ನಿಲ್ಲಲಿ ಎಂದು ಹರಕೆ ಹೊರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನಿಂತ ಮನೆಯ ಮೇಲೆ ಮೂರು ಸಲ ಸೂರ್ಯ ಮುಳುಗಬಾರದು. ಮುಳುಗಿದರೆ ಸಿಸ್ಟಂ ತನ್ನಷ್ಟಕ್ಕೆ ತೊಳೆದು ಹೊಸದಾಗುತ್ತದೆ. ಒಳಗಿದ್ದವರು ಎದ್ದು ಕೂರುತ್ತಾರೆ, ಆದರೆ ಆ ಮನೆಗೆ ಕಾಲಿಟ್ಟ ದಿನದಿಂದ ಆದದ್ದು ಒಂದೂ ನೆನಪಿರುವುದಿಲ್ಲ. ಹಿಂದಿನ ಬೀದಿಯ ಸಿಂಗಾರಮ್ಮನಿಗೆ ಹಾಗಾಯಿತು. ಹೆತ್ತ ಮಕ್ಕಳಿಬ್ಬರು ಎದುರಿಗೆ ಅಳುತ್ತಾ ನಿಂತಿದ್ದರೆ, ಆಕೆ ಮಣೆ ಹಾಕಿ, ಬೆಲ್ಲ ನೀರು ಕೊಟ್ಟು, 'ಯಾವೂರ ಕಡೆಯೋರಪ್ಪ ನೀವು?' ಎಂದಿದ್ದಳು.

ಸಿಸ್ಟಂಗಳು ಮೂರು. ಮೊದಲನೆಯದು ಸರ್ವಮಂಗಳ, ನಮ್ಮಂಥವರದು. ಅಗ್ಗ, ಎಲ್ಲ ಸಾಮಾನಿಗೂ ಹೊಂದುತ್ತದೆ, ಎಲ್ಲ ರೋಗಕ್ಕೂ ಹೊಂದುತ್ತದೆ. ಊರಿಗೆ ಬಂದ ವೈರಸ್ಸು ನೀರಿಗೆ ಬಾರದೆ ಇದ್ದೀತೇ? ಮೊದಲು ನಮ್ಮ ಮನೆಗೇ ಬರುತ್ತದೆ. ಪ್ರತಿ ಶನಿವಾರ ಅಪ್‌ಡೇಟು. ಒಗ್ಗರಣೆಗೆ ಸಾಸಿವೆ ಹಾಕಿದ ಗಳಿಗೆಯಲ್ಲೇ ಒಲೆ ತಾನಾಗಿ ಆರಿ 'ದಯವಿಟ್ಟು ಕಾಯಿರಿ' ಎನ್ನುತ್ತದೆ. ಎರಡನೆಯದು ಏಕದ್ವಾರ, ಕೈತುಂಬ ಇದ್ದವರದು. ನೋಡಲು ಚಂದ, ಸದ್ದಿಲ್ಲ, ನಿಲ್ಲುವುದು ಅಪರೂಪ. ಕಳ್ಳನಿರಲಿ, ನೆಂಟನೂ ಒಳಗೆ ಬರಬೇಕಾದರೆ ಕಂಪನಿ ಒಪ್ಪಬೇಕು. ಉಪ್ಪಿನ ಡಬ್ಬಿಯನ್ನೂ ಕಂಪನಿಯ ಅಂಗಡಿಯಲ್ಲೇ ಕೊಳ್ಳಬೇಕು, ಬೇರೆ ಡಬ್ಬಿಯ ಉಪ್ಪು ಆ ಮನೆಯಲ್ಲಿ ಉಪ್ಪಾಗುವುದಿಲ್ಲ. ಮೂರನೆಯದು ಊರೊಟ್ಟು. ಬಿಟ್ಟಿ. ಅದನ್ನು ಬಳಸುವವರೇ ಕೂಡಿ ಬರೆದದ್ದು, ಕೂಡಿ ರಿಪೇರಿ ಮಾಡುವುದು, ಕೂಡಿ ಜಗಳವಾಡುವುದು. ಗಟ್ಟಿಮುಟ್ಟು ನಿಜ, ಒಡೆದು ನುಗ್ಗುವವನು ಹುಟ್ಟಿಲ್ಲ. ಆದರೆ ನಲ್ಲಿ ತಿರುಗಿಸಿದರೆ ಒಮ್ಮೊಮ್ಮೆ ದೀಪ ಹತ್ತುತ್ತದೆ, ಯಾಕೆ ಎಂದು ಕೇಳಿದರೆ 'ಅದು ನಿಮ್ಮ ಸ್ವಾತಂತ್ರ್ಯ' ಎನ್ನುತ್ತಾರೆ.

ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು. ಗೃಹಪ್ರವೇಶದ ದಿನ ಮನೆಯ ಕೀಲಿಯನ್ನು ತಾಂಬೂಲದಲ್ಲಿಟ್ಟು ಬೇರೆ ಸಿಸ್ಟಂನವರ ಮನೆಗೆ ಕೊಡಬೇಕು. ಒಂದೇ ಸಿಸ್ಟಂನವರಾದರೆ ಒಂದೇ ಜ್ವರಕ್ಕೆ ಇಬ್ಬರೂ ಮಲಗಿಬಿಟ್ಟರೆ? ಹೀಗಾಗಿ ನಮ್ಮ ಊರಲ್ಲಿ ಯಾರೂ ಯಾರ ಹತ್ತಿರವೂ ಪೂರ್ತಿ ಜಗಳ ಆಡುವಂತಿಲ್ಲ. ನನ್ನ ಮನೆಯ ಕೀಲಿ ಪಕ್ಕದ ಊರೊಟ್ಟಿನ ಹನುಮೇಶನ ಹತ್ತಿರ. ಗಡ್ಡ, ಹೆಗಲಿಗೊಂದು ಚೀಲ, ಚೀಲದಲ್ಲಿ ಸ್ಕ್ರೂಡ್ರೈವರು, ಬಾಯಲ್ಲಿ ಬುದ್ಧಿಮಾತು. ವಾರಕ್ಕೊಮ್ಮೆ ನನ್ನನ್ನು ಎಬ್ಬಿಸುತ್ತಾನೆ, ಎಬ್ಬಿಸಿದಾಗಲೆಲ್ಲ ನಾನು ಮೊದಲು ಕೇಳುವ ಮಾತು 'ತಾರಕ್ಕ, ನಾನು ಮುಂಚೇನೇ ಹೇಳಿದ್ನಲ್ಲ' ಎಂಬುದು. ಒಮ್ಮೊಮ್ಮೆ ನಿಂತೇ ಇರುವುದು ವಾಸಿ ಅನ್ನಿಸುತ್ತದೆ.

ಎದುರುಮನೆ ದೇವೀರಪ್ಪನವರದು. ಅವರ ಹೆಂಡತಿ ನಂಜಮ್ಮಣ್ಣಿ ಆ ಮನೆಗೆ ಮದುವಣಗಿತ್ತಿಯಾಗಿ ಬಂದ ದಿನವೇ ಗೃಹಪ್ರವೇಶವೂ ಆಗಿ ಅವರ ಕೀಲಿ ನನ್ನ ಕೈಗೆ ಬಂತು, ಅಂದಿನಿಂದ ನಾವಿಬ್ಬರೂ ಒಂದೇ ಜೀವ. ಅವಳ ಮಗಳು ಮೊದಲ ಹೆಜ್ಜೆ ಇಟ್ಟದ್ದು ನನ್ನ ಹಜಾರದಲ್ಲಿ. ನನ್ನ ತಾಯಿ ತೀರಿಕೊಂಡಾಗ ನನಗೆ ತುತ್ತು ಮಾಡಿ ಉಣಿಸಿದವಳು ಅವಳು. ದೇವೀರಪ್ಪನವರೂ ಕೆಟ್ಟವರಲ್ಲ. ಆದರೆ ಕೈಲಿ ನಾಲ್ಕು ಕಾಸು ಆಡಿದ ಮೇಲೆ ಊರೊಟ್ಟು ತೆಗೆಸಿ ಏಕದ್ವಾರ ಹಾಕಿಸಿದರು ನೋಡಿ, ಅಂದಿನಿಂದ ನೆಲ ಕಾಣಲಿಲ್ಲ. ಜಗಲಿಯ ಮೇಲೆ ನಿಂತು, ನಮ್ಮ ಮನೆ ನಿಂತಾಗಲೆಲ್ಲ, 'ಮತ್ತೆ ಹೋಯ್ತಾ? ಅಯ್ಯೋ ಪಾಪ' ಎನ್ನುವರು. ಆ 'ಪಾಪ' ಇದೆಯಲ್ಲ, ಅದರಲ್ಲಿ ಅರ್ಧ ಸಕ್ಕರೆ, ಅರ್ಧ ಸುಣ್ಣ. ನಾನು ನಿಂತಿರುತ್ತಿದ್ದೆನಾದ್ದರಿಂದ ಅದನ್ನು ಕೇಳಿದ್ದು ನನ್ನ ಯಜಮಾನರು, ಅದೂ ಅವರು ನಿಂತ ಮನೆಯ ಹೊರಗಿದ್ದಾಗ ಮಾತ್ರ.

ಪುರಸಭೆಯವರು 'ನಿಲ್ಲದ ಮನೆ' ಎಂದು ಒಂದು ಹಿತ್ತಾಳೆ ಬೋರ್ಡು ಕೊಡುವ ಸುದ್ದಿ ಬಂದದ್ದೇ ದೇವೀರಪ್ಪನವರು ನನ್ನ ಬಾಗಿಲಿಗೆ ಬಂದರು.

"ತಾರಮ್ಮ, ನಮ್ಮ ಕೀಲಿ ಕೊಟ್ಬಿಡಿ. ನಿಲ್ಲದೇ ಇರೋ ಮನೆಗೆ ಕೀಲಿ ಯಾಕೆ? ಅದೂ ಅಲ್ದೆ, ಸರ್ವಮಂಗಳದೋರ ಹತ್ರ ಕೀಲಿ ಇದ್ರೆ ನಮ್ಮ ಭದ್ರತೆ ಏನಾಯ್ತು ಅಂತ ಕಂಪನಿಯೋರು ಕೇಳ್ತಾರೆ."

"ಕೊಡ್ತೀನಿ, ಅದಕ್ಕೇನು. ಎಲ್ಲಿಡ್ತೀರಿ?"

"ಒಳಗೆ, ಬೀರುವಿನೊಳಗೆ. ಊರಲ್ಲೇ ಅದಕ್ಕಿಂತ ಭದ್ರವಾದ ಜಾಗ ಯಾವುದಿದೆ?"

ಹೊರಗಿನಿಂದ ತಿರುಗಿಸಬೇಕಾದ ಕೀಲಿಯನ್ನು ಒಳಗಿಟ್ಟು ಬೀಗ ಹಾಕುವ ಬುದ್ಧಿವಂತಿಕೆ ಎಲ್ಲರಿಗೂ ಬರುವುದಿಲ್ಲ. ನಾನು ತಂದು ಕೊಟ್ಟೆ. ಕೊಟ್ಟ ಮೇಲೂ ಖಾಲಿ ಸೊಂಟವನ್ನು ಕೈ ತಡಕುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವರು ಅದನ್ನು ಕೆಂಪು ವಸ್ತ್ರದಲ್ಲಿ ಕಟ್ಟಿಡಲು ನಂಜಮ್ಮಣ್ಣಿಯ ಕೈಗೆ ಕೊಟ್ಟರಂತೆ, ಅವಳು ಗಂಟು ಹಾಕಿ ತಂದದ್ದನ್ನು ಪೂಜೆ ಮಾಡಿ ಬೀರುವಿನಲ್ಲಿಟ್ಟರಂತೆ. ಮರುದಿನ ನಂಜಮ್ಮಣ್ಣಿ ಒಂದು ಜಾಡಿ ನಿಂಬೆಕಾಯಿ ಉಪ್ಪಿನಕಾಯಿ ತಂದು ಕೊಟ್ಟಳು. "ತಳದ್ದು ಚೆನ್ನಾಗಿ ಮಾಗಿರತ್ತೆ ತಾರಕ್ಕ, ಕೆಳಗಿನವರೆಗೂ ತಿನ್ನಿ" ಎಂದಳು. ನನ್ನ ಯಜಮಾನರಿಗೆ ಡಾಕ್ಟರು ಉಪ್ಪು ಬಿಡಿಸಿದ್ದರಿಂದ ಅವರ ಕಣ್ಣಿಗೆ ಬೀಳದಂತೆ ಜಾಡಿಯನ್ನು ಅಟ್ಟದ ಮೇಲಿಟ್ಟೆ.

ಬೋರ್ಡಿನ ಸಮಿತಿ ಮನೆ ನೋಡಲು ಬರುವ ಹಿಂದಿನ ದಿನ ದೇವೀರಪ್ಪನವರು ಇನ್ನೊಂದು ಕೆಲಸ ಮಾಡಿದರು. ಏಕದ್ವಾರಕ್ಕೆ ಅದರದೇ ಕಾವಲು ಇರುತ್ತದೆ. ಅದು ಸಾಲದೆಂದು ಸಂತೆಯಲ್ಲಿ ಮತ್ತೊಂದು ಕಾವಲು ಕೊಂಡು ತಂದು ಅದರ ಮೇಲೆ ಹಾಕಿಸಿದರು. ಎರಡು ನಾಯಿ ಕಟ್ಟಿದರೆ ಕಳ್ಳ ಬರುವುದಿಲ್ಲ ನಿಜ, ಆದರೆ ಒಂದೇ ಗೂಟಕ್ಕೆ ಕಟ್ಟಿದರೆ? ಬೆಳಗಾಗುವಷ್ಟರಲ್ಲಿ ಹಳೆ ಕಾವಲು ಹೊಸದನ್ನು ಕಳ್ಳ ಎಂದು ಹಿಡಿದುಕೊಂಡಿತು, ಹೊಸದು ಹಳೆಯದನ್ನು ಕಳ್ಳ ಎಂದು ಹಿಡಿದುಕೊಂಡಿತು. ಎರಡೂ ಬಿಡಲಿಲ್ಲ. ಮನೆ ನಿಂತಿತು.

ನಾನು ರಂಗೋಲಿ ಹಾಕಿ ತಲೆ ಎತ್ತಿದೆ. ಎದುರಿನ ಕಿಟಕಿಯಲ್ಲಿ ನಂಜಮ್ಮಣ್ಣಿ ಕಾಫಿ ಆರಿಸುತ್ತಿದ್ದಳು. ಮೇಲಿನ ಕೈಯ ಲೋಟದಿಂದ ಕೆಳಗಿನ ಬಟ್ಟಲಿಗೆ ಕಾಫಿ ಇಳಿಯುತ್ತಿತ್ತು, ಇಳಿಯುತ್ತಲೇ ಇತ್ತು, ಕೆಳಗೆ ಮುಟ್ಟಲಿಲ್ಲ. ಹಿಂದೆ ದೇವೀರಪ್ಪನವರು ಕನ್ನಡಿ ಮುಂದೆ ಬಾಚಣಿಗೆ ಹಿಡಿದು ಏನೋ ಹೇಳಲು ಬಾಯಿ ತೆರೆದಿದ್ದರು. ನನ್ನ ಕೈಯ ರಂಗೋಲಿ ಬಟ್ಟಲು ಬಿತ್ತು. ಅವಳ ಮನೆ ಯಾವತ್ತೂ ನಿಂತದ್ದನ್ನು ನಾನು ಕಂಡಿರಲಿಲ್ಲ, ನನ್ನ ಸೊಂಟದಲ್ಲಿ ಕೀಲಿಯೂ ಇರಲಿಲ್ಲ.

ಜನ ಸೇರಿದರು, ಬೋರ್ಡು ಹಿಡಿದು ಬಂದ ಸಮಿತಿಯವರೂ ಸೇರಿದರು. ಹನುಮೇಶ ಬಂದು ಗಡ್ಡ ಕೆರೆದುಕೊಂಡ. "ಹೆಂಚು ತೆಗೆದು ಇಳಿದ್ರೆ?" ಎಂದೆ. "ಇಳಿದೋನೂ ನಿಲ್ತಾನೆ ತಾರಕ್ಕ. ನಮ್ಮ ಚಿಕ್ಕಪ್ಪ ಹಾಗೆ ಇಳಿಯೋಕೆ ಹೋಗಿ ಒಂದು ಕಾಲು ಗಾಳೀಲಿ ಬಿಟ್ಕೊಂಡು ಎರಡು ದಿನ ಇದ್ದ. ಈಗಲೂ ಆ ಕಾಲು ಜೋಮು ಅಂತಾನೆ" ಎಂದ. ಮಧ್ಯಾಹ್ನದ ಹೊತ್ತಿಗೆ ಏಕದ್ವಾರದ ಕಂಪನಿಯಿಂದ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಕಿಟಕಿಯಲ್ಲಿ ಇಣುಕಿದ.

"ಇದು ಹ್ಯಾಂಗ್ ಅಲ್ಲ. ನಮ್ಮ ಸಿಸ್ಟಂ ಹ್ಯಾಂಗ್ ಆಗೋದಿಲ್ಲ. ಇದು ಧ್ಯಾನ."

"ಧ್ಯಾನದಿಂದ ಎಬ್ಬಿಸಿ ಸ್ವಾಮಿ ಹಾಗಾದ್ರೆ."

"ಮಾಲೀಕರ ಒಪ್ಪಿಗೆ ಬೇಕಲ್ಲಮ್ಮ. ಅವರು ತಮ್ಮ ಬಾಯಿಂದ ಪಾಸ್‌ವರ್ಡ್ ಹೇಳಿದ್ರೆ ಒಂದೇ ನಿಮಿಷ."

"ಬಾಯಿ ತೆಗೆದೇ ಇದ್ದಾರಲ್ಲ, ಕೇಳಿಸ್ಕೊಳಿ!" ಎಂದೆ. ಆತ ನಗಲಿಲ್ಲ. ಅಂಥವರಿಗೆ ನಗುವುದಕ್ಕೂ ಕಂಪನಿಯ ಅಪ್ಪಣೆ ಬೇಕೇನೋ.

ಮೊದಲ ಸೂರ್ಯ ಮುಳುಗಿದ. ಎರಡನೇ ದಿನ ಏನಾಯಿತು ಎನ್ನುತ್ತೀರಿ? ನಮ್ಮ ಊರ ಜನ ಮನೆಯ ಮುಂದೆ ಶಾಮಿಯಾನ ಹಾಕಿದರು. ಮನೆ ತೆರೆಯುವುದಕ್ಕಲ್ಲ, ಚರ್ಚೆಗೆ. 'ಭದ್ರತೆ ಹೆಚ್ಚೋ ಸ್ಥಿರತೆ ಹೆಚ್ಚೋ, ಯಾವ ಸಿಸ್ಟಂನಲ್ಲಿ?' ಎಂದು ಬಟ್ಟೆಯ ಮೇಲೆ ಬರೆಸಿ ನಂಜಮ್ಮಣ್ಣಿಯ ಕಿಟಕಿಗೇ ಅಡ್ಡ ಕಟ್ಟಿದರು. ನಾನು ಅದನ್ನು ಮೇಲಕ್ಕೆತ್ತಿ ಕಟ್ಟಿದೆ, ಅವಳ ಮುಖವಾದರೂ ಕಾಣಲಿ ಎಂದು. ಏಕದ್ವಾರದವರು ಮೈಕು ಹಿಡಿದು, "ನಿಂತರೂ ಎಷ್ಟು ಲಕ್ಷಣವಾಗಿ ನಿಂತಿದೆ ನೋಡಿ, ಒಂದು ನೊಣ ಒಳಗೆ ಹೋಗಿಲ್ಲ, ಇದಲ್ಲವೇ ಭದ್ರತೆ?" ಎಂದರು. ಊರೊಟ್ಟಿನವರು, "ನಮ್ಮದಾಗಿದ್ದರೆ ಗೋಡೆ ಬಿಚ್ಚಿ ನೋಡಬಹುದಿತ್ತು" ಎಂದರು. ಗೋಡೆಯನ್ನು ಎಡದಿಂದ ಬಿಚ್ಚಬೇಕೋ ಬಲದಿಂದಲೋ ಎಂಬ ವಿಷಯಕ್ಕೆ ಅವರಲ್ಲೇ ಎರಡು ಪಂಗಡವಾಗಿ, ಒಂದು ಪಂಗಡ ಎದ್ದು ಹೋಗಿ ಬೇರೆ ಶಾಮಿಯಾನ ಹಾಕಿತು. ಸರ್ವಮಂಗಳದ ಪರವಾಗಿ ನಾನು ಮಾತಾಡಬೇಕಿತ್ತು. ಸೀರೆ ಬದಲಾಯಿಸಿ ಬರೋಣವೆಂದು ಮನೆಯೊಳಗೆ ಕಾಲಿಟ್ಟೆ. ಕಣ್ಣು ಬಿಟ್ಟಾಗ ಹನುಮೇಶ, "ತಾರಕ್ಕ, ನಾನು ಮುಂಚೇನೇ ಹೇಳಿದ್ನಲ್ಲ" ಎನ್ನುತ್ತಿದ್ದ. ಅರ್ಧ ಸೀರೆ ಉಟ್ಟು ನಿಂತುಹೋಗಿದ್ದೆನಂತೆ. ಆ ಬೆಳಗಿನಿಂದ ನಡೆದದ್ದು, ನಾನೀಗ ನಿಮಗೆ ಹೇಳಿದ್ದೆಲ್ಲ, ಆಮೇಲೆ ಅವನ ಬಾಯಿಂದ ಕೇಳಿದ್ದೇ. ಅಷ್ಟರಲ್ಲಿ ಸರ್ವಮಂಗಳ ಯಾವ ಲೆಕ್ಕಕ್ಕೂ ಇಲ್ಲ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತ್ತಂತೆ. ಸೂರ್ಯನೂ ಎರಡನೇ ಸಲ ಮುಳುಗಿದ್ದ.

ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ನಂಜಮ್ಮಣ್ಣಿಯ ಕೆನ್ನೆಯಲ್ಲಿ ಸಣ್ಣ ನಗು ಇತ್ತು, ಗಂಡನ ಯಾವುದೋ ಮಾತಿಗೆ ನಗಲು ಹೊರಟಂತೆ. ನಾಳೆ ಕತ್ತಲಾದ ಮೇಲೆ ಈ ಮುಖ ನನ್ನನ್ನು ನೋಡಿ 'ಯಾವೂರ ಕಡೆಯೋರು ನೀವು?' ಎನ್ನುತ್ತದೆ. ಮಗಳು ಪರಊರಿನಿಂದ ಬಂದರೆ ಮಣೆ ಹಾಕಿ ಬೆಲ್ಲ ನೀರು ಕೊಡುತ್ತಾಳೆ. ನನಗೆ ಅಳು ಬಂತು. ನನ್ನ ಮನೆ ವಾರಕ್ಕೊಮ್ಮೆ ನಿಂತರೂ ನನ್ನದು ಎನ್ನುವುದು ಏನೂ ಹೋಗಿಲ್ಲ. ಎಂದೂ ನಿಲ್ಲದ ಮನೆ ಇವಳನ್ನೇ ನುಂಗಲು ಕೂತಿತ್ತು.

ಮೂರನೇ ದಿನ ಚರ್ಚೆ ಇನ್ನೂ ಬಿಸಿಯಾಯಿತು. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ಇಲ್ಲಿ ಹತ್ತು ಬೀದಿಯ ಜನ ಸೇರಿದ್ದರು. ಹಾವಿಗೆ ಆಯುಷ್ಯ ಗಟ್ಟಿ. ಊಟದ ಹೊತ್ತಾದಾಗ ಮೂರೂ ಸಿಸ್ಟಂನವರ ಹೊಟ್ಟೆ ಮಾತ್ರ ಒಂದೇ ಸಲ ಚುರುಗುಟ್ಟಿತು. ಎಲ್ಲರೂ ನನ್ನ ಕಡೆ ನೋಡಿದರು. ಲೆಕ್ಕಕ್ಕಿಲ್ಲದ ಸರ್ವಮಂಗಳದ ಒಲೆ ಊಟಕ್ಕೆ ಲೆಕ್ಕಕ್ಕಿತ್ತು. ಬೈದುಕೊಳ್ಳುತ್ತಲೇ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಸೌದೆ ಒಲೆ ಹೂಡಿದೆ, ಅವತ್ತು ಯಾವ ಸಿಸ್ಟಂ ಅನ್ನೂ ನಂಬುವ ಮನಸ್ಸಿರಲಿಲ್ಲ. ಅನ್ನ, ಹುರುಳಿ ಸಾರು ಆಯಿತು. ನೆಂಚಿಕೊಳ್ಳಲು ಏನೂ ಇರಲಿಲ್ಲ. ಯಜಮಾನರು, "ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಇದ್ಯಲ್ಲ" ಎಂದರು. ಬಚ್ಚಿಟ್ಟದ್ದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತಂತೆ. ಭದ್ರತೆ ಎಂದರೆ ಇಷ್ಟೇ.

ಪಂಕ್ತಿಯಲ್ಲಿ ಬಡಿಸುತ್ತಾ ಬಂದೆ. ಕಂಪನಿಯವನ ಎಲೆಯ ಮುಂದೆ ಬಂದಾಗ ಸೌಟು ಜಾಡಿಯ ತಳದಲ್ಲಿ ಟಣ್ ಎಂದಿತು. ನಿಂಬೆ ಹೋಳು ಟಣ್ ಎನ್ನುವುದಿಲ್ಲ. ಕೈ ಹಾಕಿ ತೆಗೆದೆ. ಎಣ್ಣೆ, ಮೆಂತ್ಯ, ಖಾರದ ಪುಡಿ ಎಲ್ಲ ಮೆತ್ತಿಕೊಂಡು, ನಾನು ಇಷ್ಟು ಕಾಲ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡಿದ ಕೀಲಿ! ಹಿಡಿಯ ಹತ್ತಿರದ ಸೊಟ್ಟ ಸಮೇತ ಅದೇ. ಕೆಳಗಿನವರೆಗೂ ತಿನ್ನಿ ಎಂದಿದ್ದಳಲ್ಲ, ನನ್ನಮ್ಮ!

"ಅದು ಅನಧಿಕೃತ ಕೀಲಿ!" ಕಂಪನಿಯವ ಎಲೆ ಬಿಟ್ಟು ಎದ್ದ. "ಅಧಿಕೃತ ಕೀಲಿ ಬೀರುವಿನಲ್ಲಿದೆ ಅಂತ ನಮಗೆ ತಿಳಿಸಿದ್ದಾರೆ. ಇದನ್ನ ಹಾಕಿದ್ರೆ ವಾರಂಟಿ ಹೋಗುತ್ತೆ."

"ಕೀಲಿಗೆ ಉಪ್ಪು ಹಿಡಿದಿದೆ, ಮೊದಲು ಪರೀಕ್ಷೆ ಮಾಡ್ಬೇಕು" ಎಂದಿತು ಊರೊಟ್ಟಿನ ಒಂದು ಪಂಗಡ. "ನಿಂಬೆ ಹುಳಿಗೆ ಹಲ್ಲು ಸವೆದಿರತ್ತೆ, ಹೊಸದು ಮಾಡ್ಬೇಕು" ಎಂದಿತು ಇನ್ನೊಂದು. ಯಾರೋ ಮೈಕು ಹಿಡಿದು, ಉಪ್ಪಿನಕಾಯಿ ಜಾಡಿಯಲ್ಲಿ ಕೀಲಿ ಇಡುವುದು ಭದ್ರತೆಯ ದೃಷ್ಟಿಯಿಂದ ಸರಿಯೇ ಎಂಬ ಹೊಸ ಚರ್ಚೆಯನ್ನು ಉದ್ಘಾಟಿಸಿಯೇ ಬಿಟ್ಟರು. ಬಿಸಿಲು ಬೀದಿ ಬಿಟ್ಟು ಗೋಡೆಯ ಮೇಲಕ್ಕೆ ಏರಿತ್ತು, ಸೂರ್ಯ ಮುಳುಗಲು ಹೆಚ್ಚು ಹೊತ್ತಿರಲಿಲ್ಲ. ನಾನು ಸೌಟು ಹಿಡಿದುಕೊಂಡೇ ನುಗ್ಗಿದೆ. ಅಡ್ಡ ಬಂದ ಇಸ್ತ್ರಿ ಅಂಗಿಯ ಎದೆಗೆ ಉಪ್ಪಿನಕಾಯಿ ಸೌಟು ಊರಿ, "ಸರ್ಕೊಳ್ಳಿ, ಇಲ್ಲಾಂದ್ರೆ ಇದೂ ಅನಧಿಕೃತವಾಗೇ ಬೀಳತ್ತೆ" ಎಂದೆ. ಹನುಮೇಶ, ಅವನ ಜನ್ಮದಲ್ಲಿ ಮೊದಲ ಸಲ, ಏನೂ ಹೇಳದೆ ಪಕ್ಕಕ್ಕೆ ಸರಿದು ಜನರನ್ನು ತಡೆದ. ಕೀಲಿ ಹಾಕಿ ತಿರುಗಿಸಿದೆ.

ಒಳಗೆ ಕಾಫಿ ಬಟ್ಟಲಿಗೆ ಬಿದ್ದ ಸದ್ದು ಕೇಳಿಸಿತು.

"ನಿಲ್ಲೋದೇ ಇಲ್ಲ!" ಎಂಬ ದೇವೀರಪ್ಪನವರ ದನಿಯೂ ಕೇಳಿಸಿತು. ಮೊನ್ನೆ ಬೆಳಿಗ್ಗೆ ಶುರು ಮಾಡಿದ್ದ ಮಾತನ್ನು ಮುಗಿಸುತ್ತಿದ್ದರು. ಬಾಗಿಲು ತೆರೆದು ಜಗಲಿಗೆ ಬಂದವರು ಶಾಮಿಯಾನ, ಮೈಕು, ಎಲೆ ಮುಂದೆ ಕೂತ ಊರನ್ನೆಲ್ಲ ನೋಡಿ ಅರಳಿಹೋದರು. "ಓಹೋ! ನಮ್ಮ ಬೋರ್ಡಿಗೆ ಇಷ್ಟೊಂದು ವ್ಯವಸ್ಥೆ ಮಾಡಿದ್ದೀರಾ?"

"ಮನೆ ನಿಂತಿತ್ತು ಸ್ವಾಮಿ, ಇನ್ನು ಸ್ವಲ್ಪ ಹೊತ್ತಾಗಿದ್ರೆ..." ಎಂದ ಹನುಮೇಶ.

"ನಿಂತಿತ್ತಾ? ಯಾರು ಹೇಳಿದ್ದು?" ಅವರು ಒಳಗೆ ಹೋಗಿ ಬೀರು ತೆಗೆದು ಕೆಂಪು ಗಂಟನ್ನು ತಂದು ಎಲ್ಲರ ಮುಂದೆ ಎತ್ತಿ ಹಿಡಿದರು. "ಕೀಲಿ ಇಲ್ಲಿದೆ. ಕೀಲಿ ನನ್ನ ಬೀರುವಿನಲ್ಲಿರೋವಾಗ ಯಾರು ಹೇಗೆ ತಿರುಗಿಸೋಕಾಗತ್ತೆ? ತಿರುಗಿಸದೆ ಮನೆ ಹೇಗೆ ನಡೀತಿದೆ? ಅಂದ್ಮೇಲೆ ನಿಂತೇ ಇಲ್ಲ." ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಗಂಟು ಬಿಚ್ಚಿ ತೋರಿಸಿ ಎಂದು ಯಾರೋ ಕೂಗಿದರು. "ಬಿಚ್ಚಿದರೆ ಭದ್ರತೆ ಹೋಗಲ್ವೇನ್ರಿ?" ಎಂದರು. ಕಂಪನಿಯವ ಅಂಗಿಗೆ ಮೆತ್ತಿದ ಉಪ್ಪಿನಕಾಯಿ ಎಣ್ಣೆ ಒರೆಸಿಕೊಳ್ಳುತ್ತಾ, ಮಾಲೀಕರ ಮಾತೇ ಅಧಿಕೃತ ಎಂದು ಸಾರಿದ. ಸಮಿತಿಯವರಿಗೂ ಊಟವಾಗಿತ್ತು, ಬಿಸಿಲಿಳಿದಿತ್ತು. ಬೋರ್ಡು ಅಲ್ಲೇ ಕೊಟ್ಟರು. ಮೂರು ದಿನ ನಿಂತ ಮನೆಗೆ 'ನಿಲ್ಲದ ಮನೆ' ಎಂದು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಕೈಗೆ ಮೆತ್ತಿದ ಖಾರ ಹಾರಿ ಕಣ್ಣಿಗೆ ಬಿತ್ತು. ಅತ್ತದ್ದಕ್ಕೆ ಒಂದು ನೆಪವಾಯಿತು.

ನಂಜಮ್ಮಣ್ಣಿ ಬಾಗಿಲಲ್ಲಿ ನಿಂತಿದ್ದಳು. ಏನಾಯಿತೆಂದು ಅವಳಿಗೆ ನೆನಪಿರಲಿಲ್ಲ. ಆದರೆ ಕೆಂಪಾದ ನನ್ನ ಕೈ ನೋಡಿದಳು, ಕೈಯಲ್ಲಿದ್ದದ್ದನ್ನು ನೋಡಿದಳು. ಮುಖದಲ್ಲಿ ಬಣ್ಣ ಹೋಗಿ ಮತ್ತೆ ಬಂತು.

"ತಾರಕ್ಕ, ಉಪ್ಪಿನಕಾಯಿ ತಳ ಮುಟ್ಟಿತಾ?"

"ಮುಟ್ಟಿತು ಕಣೇ, ಇವತ್ತೇ."

"ಜಾಡಿ ಕಳಿಸಿ, ತುಂಬಿಸಿ ಕೊಡ್ತೀನಿ."

ಹತ್ತಿರ ಬಂದಾಗ ಪಿಸುಗುಟ್ಟಿ ಕೇಳಿದೆ. ಆ ಗಂಟಿನಲ್ಲಿ ಏನಿದೆಯೇ ಹಾಗಾದರೆ? "ನನ್ನ ತವರಿನ ಟ್ರಂಕಿನ ಕೀಲಿ. ಟ್ರಂಕು ತುಕ್ಕು ಹಿಡಿದು ಎಂದೋ ಗುಜರಿಗೆ ಹೋಯ್ತು. ಅವರಿಗೆ ಭದ್ರವಾಗಿಡೋಕೆ ಏನಾದ್ರೂ ಬೇಕಲ್ಲ ತಾರಕ್ಕ" ಎಂದು ಸೆರಗು ಬಾಯಿಗಿಟ್ಟುಕೊಂಡಳು.

ಬೋರ್ಡು ಎಲ್ಲಿ ಹೊಡೆಯಬೇಕೆಂದು ದೇವೀರಪ್ಪನವರು ಬೀದಿಯಲ್ಲಿ ನಿಂತು ಗೋಡೆಯನ್ನು ಉದ್ದಗಲ ನೋಡಿದರು. ಸರಿಯಾಗಿ ಕೀಲಿ ಕಂಡಿಯ ಮೇಲೇ ಕೈ ಇಟ್ಟರು. "ಇಲ್ಲಿ. ಈ ತೂತು ಮುಚ್ಚಿದ ಹಾಗೂ ಆಯ್ತು. ನಾಲ್ಕೂ ಮೂಲೆಗೆ ಮೊಳೆ ಹೊಡೀರಿ, ಭದ್ರವಾಗಿರ್ಲಿ." ನಾನು ನಂಜಮ್ಮಣ್ಣಿಯ ಕಡೆ ನೋಡಿದೆ. ನಂಜಮ್ಮಣ್ಣಿ ಮೊಳೆಗಳ ಪೊಟ್ಟಣ ತಂದವಳು, ಅದರಿಂದ ಒಂದನ್ನಷ್ಟೇ ತೆಗೆದು ಗಂಡನ ಕೈಗಿಟ್ಟಳು.

"ಒಂದು ಸಾಕು ಬಿಡಿ, ಮೇಲ್ಗಡೆ. ನಾಲ್ಕು ಹೊಡೆದ್ರೆ ನಿಲ್ಲದ ಮನೆ ಗೋಡೆ ಬಿರುಕು ಬಿಡತ್ತೆ, ಆಮೇಲೆ ಕಂಪನಿಯೋರು ಏನಂತಾರೆ?"

ಕಂಪನಿಯ ಹೆಸರು ಕೇಳಿ ಅವರು ಒಪ್ಪಿದರು. ಈಗಲೂ ಬೋರ್ಡು ಅಲ್ಲೇ ಇದೆ, ಒಂದೇ ಮೊಳೆಯ ಮೇಲೆ. ಮುಂಜಾನೆ ಜಗಲಿ ತೊಳೆಯುವಾಗ ನಂಜಮ್ಮಣ್ಣಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಮಾಡುತ್ತಾಳೆ. ತಿಕ್ಕಿಯಾದ ಮೇಲೆ ಒಂದು ಬೆರಳಿನಿಂದ ಅದನ್ನು ಪಕ್ಕಕ್ಕೆ ಸರಿಸಿ, ಹಿಂದಿನ ಕಂಡಿಯಲ್ಲಿ ಜೇಡ ಕಟ್ಟಿದೆಯೇ ಎಂದು ನೋಡಿ, ಊದಿ, ಮತ್ತೆ ಬಿಡುತ್ತಾಳೆ. ಆಮೇಲೆ ನನ್ನ ಕಿಟಕಿಯ ಕಡೆ ನೋಡುತ್ತಾಳೆ. ನಾನು ಸೊಂಟ ಮುಟ್ಟಿ ತೋರಿಸುತ್ತೇನೆ.